ಲೆಕ್ಕ ಬಿಡಿಸುವುದು ಸರಿ, ಮಕ್ಕಳೇ ಲೆಕ್ಕ ತಯಾರಿಸುವುದಕ್ಕೆ ಏನೆನ್ನಬೇಕು? (ತುರ್ತು)

ಎಲ್ಲರಿಗೂ ನಮಸ್ಕಾರ. ಪ್ರೌಢಶಾಲೆಯ ಗಣಿತ ಶಿಕ್ಷಕರಿಗಾಗಿ ಸಂಭವನೀಯತೆಯ ಕೈಪಿಡಿಯೊಂದನ್ನು ಕನ್ನಡಿಸುತ್ತಿದ್ದೇನೆ. ನಾಳೆ ಸಂಜೆ ಅಚ್ಚಿಗೆ ಹೋಗಬೇಕು. ಮಕ್ಕಳೇ ಲೆಕ್ಕ ತಯಾರಿಸಿ ಪಕ್ಕದವರಿಗೆ ಕೊಡುವ ಅಧ್ಯಾಯಕ್ಕೆ ತಲೆಬರಹ ಸಿಗುತ್ತಿಲ್ಲ. ಕರಡಿನಲ್ಲಿರುವ 'ಸಮಸ್ಯಾ ಮಂಡನೆ' ಓದಿದರೆ ಯಾರೋ ಅಹವಾಲು ಹೇಳಿಕೊಂಡಂತಿದೆ.

ಉತ್ತರ 1

ಮಂಡನೆ ಬೇಡವೇ ಬೇಡ. ಹಳೆಯ ಪದವಿದೆ: ಉದ್ದೇಶಕ. ನೃಪತುಂಗನ ಕಾಲದ ಮಹಾವೀರಾಚಾರ್ಯರು ಗಣಿತಸಾರಸಂಗ್ರಹದಲ್ಲಿ ಸೂತ್ರ ಹೇಳಿ, ಹಿಂದೆಯೇ 'ಅತ್ರೋದ್ದೇಶಕಃ' (ಇಲ್ಲೊಂದು ಉದಾಹರಣೆ ಲೆಕ್ಕ) ಎಂದು ಲೆಕ್ಕ ಕೊಡುತ್ತಾರೆ. 'ಉದ್ದೇಶಕ ರಚನೆ' ಎಂದು ಹಾಕಿ. ಮುಗಿಯಿತು.

ಉತ್ತರ 2

> ಮುಗಿಯಿತು

ಮುಗಿಯಲಿಲ್ಲ. 'ಉದ್ದೇಶಕ' ಎಂದರೆ ಮಕ್ಕಳು ಗುರಿ ಎಂದೇ ತಿಳಿಯುತ್ತಾರೆ. ಯಾರ ಆಯ್ಕೆಯೂ ಇಲ್ಲದೆ ಒದಗಿದ್ದು (random) ಎಂಬರ್ಥದ 'ಯಾದೃಚ್ಛಿಕ'ದ ಗತಿ ನೋಡಿ: ಅದರಲ್ಲಿ 'ಇಚ್ಛೆ' ಕೇಳಿಸಿಕೊಂಡು, ಚೆಂಡು ತೆಗೆಯುವವನ ಇಷ್ಟ ಎಂದು ಅರ್ಥ ಮಾಡಿಕೊಂಡವರನ್ನು ತರಗತಿಯಲ್ಲಿ ಕಂಡಿದ್ದೇನೆ. ಅರ್ಥ ಪೂರ್ತಿ ತಿರುಗುಮುರುಗು.

ಕನ್ನಡದ್ದೇ 'ಹೂಡು' ಇದೆ, ಹಳಗನ್ನಡದ ಪೂಡು. ಬಾಣ ಹೂಡು, ದಾವೆ ಹೂಡು, ಗಾಡಿ ಹೂಡು. ಬೇಕಾದ್ದನ್ನೆಲ್ಲ ಅದರದರ ಜಾಗಕ್ಕೆ ಸೇರಿಸಿ ಅಣಿಗೊಳಿಸುವುದು. ಹೂಡಿದ ಎತ್ತನ್ನು ಆಮೇಲೆ ಬಿಡುತ್ತೇವೆ. ಲೆಕ್ಕ 'ಬಿಡಿಸು'ವುದಕ್ಕೆ ಇದಕ್ಕಿಂತ ಸರಿಜೋಡಿ ಇಲ್ಲ. ಸಂಭವನೀಯತೆಯಲ್ಲಂತೂ ಹೂಡುವುದೇ ಕಷ್ಟದ ಅರ್ಧ. 'ಪೆಟ್ಟಿಗೆಯಲ್ಲಿ 3 ಕೆಂಪು, 2 ನೀಲಿ ಚೆಂಡುಗಳಿವೆ. ಒಂದಾದ ಮೇಲೊಂದರಂತೆ ಎರಡು ತೆಗೆದರೆ ಎರಡೂ ಕೆಂಪಾಗಿರುವ ಸಂಭವನೀಯತೆ ಎಷ್ಟು?' ಎಂದು ಹುಡುಗಿಯೊಬ್ಬಳು ಬರೆದಳೆನ್ನಿ. ಮೊದಲ ಚೆಂಡನ್ನು ಮರಳಿ ಹಾಕಿದರೆ 9/25, ಹಾಕದಿದ್ದರೆ 3/10. ಅದನ್ನು ಹೇಳದಿದ್ದರೆ ಲೆಕ್ಕ ಇನ್ನೂ ಹೂಡಿಯೇ ಇಲ್ಲ. ಕೊಟ್ಟ ಲೆಕ್ಕವನ್ನಷ್ಟೇ ಬಿಡಿಸುವವಳಿಗೆ ಈ ಬಿರುಕು ಕಾಣುವುದಿಲ್ಲ, ಪಕ್ಕದವಳು ಬೇರೆ ಉತ್ತರ ತಂದಾಗ ಕಾಣುತ್ತದೆ.

ಉತ್ತರ 1

ನಾನು ಕೇಳಿರುವುದು ಸಂಚು ಹೂಡುವುದು. ಲೆಕ್ಕ ಹೂಡುವುದು ಯಾವ ನಿಘಂಟಿನಲ್ಲಿದೆ? ಸಂಸ್ಕೃತ ಬೇಡವೆಂದರೆ ಸಂಭವನೀಯತೆ, ಘಟನೆ, ಕೊನೆಗೆ ಗಣಿತವನ್ನೂ ಕಿತ್ತುಹಾಕಿ.

ಉತ್ತರ 3

ಯಾರೂ ಕೀಳುತ್ತಿಲ್ಲ. 'ಸಂಭವನೀಯತೆ' ಪಠ್ಯಪುಸ್ತಕಗಳಲ್ಲಿ ಬೇರೂರಿದೆ, ಇರಲಿ. ಅದರ ಬದಲು 'ಸಾಧ್ಯತೆ' ಎನ್ನುವವರ ಮೇಲೆ ನನ್ನ ತಕರಾರು. ದಾಳದಲ್ಲಿ ಆರು ಬೀಳುವುದು ಸಾಧ್ಯವೇ ಎಂಬುದಕ್ಕೆ ಉತ್ತರ ಹೌದು ಅಥವಾ ಇಲ್ಲ. ಸಂಭವನೀಯತೆ ಕೇಳಿದರೆ 1/6. ಬೇರೂರಿದ್ದನ್ನು ಉಳಿಸಿಕೊಳ್ಳೋಣ. ಹೊಸ ಪದ ಬೇಕಾದಲ್ಲಿ ಮಕ್ಕಳ ನಾಲಿಗೆಗೆ ಒಗ್ಗುವುದನ್ನೇ ಹುಡುಕೋಣ. ನನ್ನ ಮತ 'ಹೂಡು'ವಿಗೆ.

ಪ್ರಶ್ನೆ ಕೇಳಿದವರಿಂದ

'ಲೆಕ್ಕ ಹೂಡುವುದು, ಲೆಕ್ಕ ಬಿಡಿಸುವುದು' ಎಂದೇ ತಲೆಬರಹ ಹಾಕುತ್ತಿದ್ದೇನೆ. 'ಉದ್ದೇಶಕ'ವನ್ನು ಶಿಕ್ಷಕರಿಗೆ ಅಡಿಟಿಪ್ಪಣಿಯಲ್ಲಿ ಕೊಡುತ್ತೇನೆ, ಅದು ಅವರಿಗೆ ತಿಳಿದಿರಲೇಬೇಕು.

ಇನ್ನೊಂದು ಪದ ಉಳಿದಿದೆ. ಎರಡು ದಾಳಗಳ ಮೊತ್ತ 2ರಿಂದ 12ರವರೆಗೆ, ಒಟ್ಟು 11 ಫಲಿತಗಳು, ಆದ್ದರಿಂದ 7 ಬರುವುದು 1/11 ಎಂದು ಹೂಡುವ ಮಕ್ಕಳಿದ್ದಾರೆ. ಆ ಹನ್ನೊಂದೂ ಸಮಸಮವಾಗಿ ಬೀಳುವುದಿಲ್ಲ, ಅದಕ್ಕೇ 36 ಜೋಡಿಗಳನ್ನು ಬರೆಸಿ, ಅದರಲ್ಲಿ 7 ಕೊಡುವ 6ನ್ನು ಎಣಿಸಲು ಹೇಳಬೇಕು. ಆ 36ರ ಪಟ್ಟಿಗೆ (sample space) ಕರಡಿನಲ್ಲಿ 'ಮಾದರಿ ಅವಕಾಶ' ಎಂದಿದೆ. 'ಫಲಿತಗಣ' ಎಂದು ತಿದ್ದಲೇ? ಬೆಳಿಗ್ಗೆಯೊಳಗೆ ತಿಳಿಸಿ.