ಪದ ಬೇಕು: ಡಿಸ್ಟೋನಿಯಾ, ಅದರ ‘ವಾರ’, ಆ ವಾರದ ‘ಶಾಶ್ವತ’

ಸು.ರಾ., ಬಾಸ್ಟನ್ ಹತ್ತಿರದಿಂದ:
ಭಾನುವಾರದೊಳಗೆ ಬೇಕು. ಡಿಸ್ಟೋನಿಯಾ ಎಂಬ ರೋಗದ ಅರಿವಿನ ವಾರವನ್ನು ಮ್ಯಾಸಚೂಸೆಟ್ಸ್ ರಾಜ್ಯದ ಕಾನೂನಿಗೇ ಸೇರಿಸಿ ಎಂದು ಅರ್ಜಿ ಹಾಕುತ್ತಿದ್ದೇವೆ. ಇಲ್ಲಿ ಸಾಮಾನ್ಯ ನಾಗರಿಕರೂ ಶಾಸಕರ ಮೂಲಕ ಮಸೂದೆ ಸಲ್ಲಿಸಬಹುದು. ಗವರ್ನರ್ ಸುಮ್ಮನೆ ಹೊರಡಿಸಿದ ಘೋಷಣೆ ಆ ವರ್ಷಕ್ಕೆ ಮುಗಿಯುತ್ತದೆ, ಮುಂದಿನ ವರ್ಷ ಮತ್ತೆ ಕೈಮುಗಿದು ನಿಲ್ಲಬೇಕು. ಕಾನೂನಿಗೆ ಸೇರಿದರೆ ‘ಗವರ್ನರ್ ಪ್ರತಿವರ್ಷ ಘೋಷಣೆ ಹೊರಡಿಸತಕ್ಕದ್ದು’ ಎಂದಾಗುತ್ತದೆ. ಕನ್ನಡ ಮನೆಗಳಲ್ಲಿ ಸಹಿ ಕೇಳಲು ಒಂದು ಪುಟದ ಒಕ್ಕಣೆ ಬರೆಯುತ್ತಿದ್ದೇನೆ.

ರೋಗದ ಹೆಸರಿನಲ್ಲೇ ಎಡವಿದೆ. ನನ್ನ ಚಿಕ್ಕಮ್ಮನಿಗೆ ಇದೆ. ಕತ್ತು ತಾನಾಗಿ ಎಡಕ್ಕೆ ತಿರುಗಿ ನಿಲ್ಲುತ್ತದೆ. ಗದ್ದಕ್ಕೆ ಎರಡು ಬೆರಳು ತಾಗಿಸಿದರೆ ಸಾಕು, ಒತ್ತುವುದೂ ಬೇಡ, ನೆಟ್ಟಗಾಗುತ್ತದೆ. ಬೆರಳು ತೆಗೆದರೆ ಮತ್ತೆ ತಿರುಗುತ್ತದೆ. ನೋಡಿದವರು ನಾಟಕ ಎನ್ನುತ್ತಾರೆ. ‘ಸ್ನಾಯುಸೆಳೆತ’ ಎಂದು ಹಾಕಿದ್ದೇನೆ, ನಡೆಯುತ್ತದೆಯೇ?

ಡಾ. ಕೆ., ಮೈಸೂರು:
ನಡೆಯುವುದಿಲ್ಲ. ಸೆಳೆತ, ಸೆಳವು ಎಂದರೆ ಜನ ಅಪಸ್ಮಾರ ಎಂದುಕೊಳ್ಳುತ್ತಾರೆ. ಸೆಟೆತ ಎಂದರೆ ಧನುರ್ವಾಯು, ನಡುಕ ಎಂದರೆ ಪಾರ್ಕಿನ್ಸನ್. ಇಲ್ಲಿ ಆಗುವುದು ತಿರುಚುವಿಕೆ. ಮಿದುಳಿನ ಅಪ್ಪಣೆ ತಪ್ಪಿ, ಒಂದು ಬಿಗಿದಾಗ ಇನ್ನೊಂದು ಸಡಿಲಬೇಕಾದ ಸ್ನಾಯುಗಳು ಒಟ್ಟಿಗೇ ಬಿಗಿಯುತ್ತವೆ. ಪೆನ್ನು ಹಿಡಿದಾಗ ಮಾತ್ರ ಕೈ ತಿರುಚುವವರಿದ್ದಾರೆ, ಅದೇ ಕೈ ತರಕಾರಿ ಹೆಚ್ಚುವಾಗ ತೆಪ್ಪಗಿರುತ್ತದೆ. ಗದ್ದ ಮುಟ್ಟುವುದು ನಾಟಕವಲ್ಲ, ಈ ರೋಗದ ಗುರುತುಗಳಲ್ಲಿ ಅದೂ ಒಂದು. ಚಿಕ್ಕಮ್ಮನವರಿಗೆ ಹೇಳಿ.

ನಿರುಕ್ತಪ್ರಿಯ:
1911ರಲ್ಲಿ ಬರ್ಲಿನ್ನಿನ ಹರ್ಮನ್ ಓಪೆನ್‌ಹೈಮ್ ಕಟ್ಟಿದ ಪದ ಇದು. ಗ್ರೀಕಿನ ‘ಡಿಸ್’ ನಮ್ಮ ‘ದುಸ್’. ‘ಟೋನೋಸ್’ ನಮ್ಮ ‘ತನ್’ ಧಾತುವಿನ ಬಳಗ: ತಂತು, ತಂತಿ, ತಾನ. ಆದ್ದರಿಂದ ‘ದುಸ್ತಾನ’. ಇಲ್ಲೇ ಹಿಂದೊಮ್ಮೆ ಹೇಳಿದ್ದೆ, ಯಾರೂ ಕಿವಿಗೊಡಲಿಲ್ಲ.

ಅಚ್ಚಗನ್ನಡಿಗ:
ಕಿವಿಗೊಡದಿದ್ದುದೇ ಒಳ್ಳೆಯದಾಯಿತು. ದುಸ್ತಾನ ಎಂದರೆ ಯಾರೋ ಕಛೇರಿಯಲ್ಲಿ ಕೆಟ್ಟದಾಗಿ ಹಾಡಿದರು ಎಂದಾಗುತ್ತದೆ. ‘ಸ್ನಾಯು’ವನ್ನೂ ಬಿಡಿ: ಸಂಸ್ಕೃತದಲ್ಲಿ ಅದು ಮೂಳೆ ಕಟ್ಟುವ ನಾರು, ಹಿಂದಿಯಲ್ಲಿ ನರ, ನಮ್ಮಲ್ಲಿ ಮಾಂಸಖಂಡ. ‘ತಿರುಚುಬೇನೆ’ ಎನ್ನಿ. ಸಪ್ತಾಹ ಬಿಟ್ಟು ‘ವಾರ’ ಎಂಬ ಅಚ್ಚಗನ್ನಡ ಪದ ಬಳಸಿದ್ದೀರಿ, ಸಂತೋಷ.

ನಿರುಕ್ತಪ್ರಿಯ:
‘ವಾರ’ ಅಚ್ಚಗನ್ನಡವೇ? ಅದೂ ಸಂಸ್ಕೃತದ್ದೇ, ನಿಘಂಟು ತೆರೆಯಿರಿ.

ಭಟ್ಟ, ಪುತ್ತೂರು:
ವಾರ ಯಾರದ್ದಾದರೂ ಇರಲಿ. ಸಪ್ತಾಹ ಎಂದರೆ ನನಗಂತೂ ಭಜನೆ, ಪಾನಕ ನೆನಪಾಗುತ್ತದೆ.

ಸು.ರಾ.:
ಡಾಕ್ಟರೇ, ಉಪಕಾರವಾಯಿತು. ಇನ್ನೊಂದು ತೊಡಕು. ‘ಶಾಶ್ವತ ಡಿಸ್ಟೋನಿಯಾ ಅರಿವಿನ ವಾರ’ ಎಂದು ಬರೆದಿದ್ದೆ. ಚಿಕ್ಕಮ್ಮ ಓದಿ, ‘ಹಾಗಾದರೆ ನನ್ನದು ಹೋಗುವುದೇ ಇಲ್ಲವೇ?’ ಎಂದರು.

ಭಟ್ಟ, ಪುತ್ತೂರು:
ವಿಶೇಷಣ ಪಕ್ಕದವರ ಮನೆಗೆ ಹೋಗಿ ಕೂತರೆ ಹೀಗೆಯೇ. ನಮ್ಮ ಜಿಲ್ಲೆಯಲ್ಲಿ ಇದಕ್ಕೆ ಸೊಗಸಾದ ಜೋಡಿ ಇತ್ತು: ಚಾಲಗೇಣಿ, ಮೂಲಗೇಣಿ. ಚಾಲಗೇಣಿಯವನು ಧಣಿ ಬಿಡು ಎಂದರೆ ಬಿಡಬೇಕು, ಮೂಲಗೇಣಿ ಮಕ್ಕಳು ಮೊಮ್ಮಕ್ಕಳ ಕಾಲಕ್ಕೂ. ನಿಮ್ಮ ವಾರ ಈಗ ಚಾಲಗೇಣಿಯಲ್ಲಿದೆ. ಬಾಸ್ಟನ್ನಿನಲ್ಲಿ ಯಾರಿಗೂ ತಿಳಿಯದು, ‘ಖಾಯಂ’ ಎಂದು ಹಾಕಿ.

ನಿರುಕ್ತಪ್ರಿಯ:
ಕಾಯಂ! ಅರಬ್ಬಿಯಲ್ಲಿ ಅದರ ಮೊದಲ ಅಕ್ಷರವೂ ‘ಕಾನೂನು’ ಪದದ ಮೊದಲ ಅಕ್ಷರವೂ ಒಂದೇ. ಖಾನೂನು ಎಂದು ಬರೆಯುತ್ತೀರಾ?

ಭಟ್ಟ, ಪುತ್ತೂರು:
‘ಖೈದಿ’ಯ ಮೊದಲ ಅಕ್ಷರವೂ ಅದೇ. ಮೊದಲು ಅವನನ್ನು ಬಿಡಿಸಿಕೊಂಡು ಬನ್ನಿ, ಆಮೇಲೆ ಖಾಯಂ ನೋಡೋಣ.

ಅಚ್ಚಗನ್ನಡಿಗ:
ಇಬ್ಬರೂ ಅರಬ್ಬಿಗೆ ಪಹರೆ ನಿಂತಿದ್ದೀರಿ. ಕನ್ನಡಕ್ಕೆ ಯಾರಿದ್ದಾರೆ?

ಡಾ. ಕೆ.:
ರೋಗಿಯ ಮನೆಯವರಿಗೆ ಅರ್ಥವಾದರೆ ಸಾಕು. ಡಿಸ್ಟೋನಿಯಾ ಹಾಗೆಯೇ ಇರಲಿ. ಆಸ್ಪತ್ರೆಯ ಚೀಟಿಯಲ್ಲಿ ಅವರು ಓದುವುದು ಅದನ್ನೇ.

ಸು.ರಾ.:
ಅಚ್ಚಿಗೆ ಕೊಟ್ಟೆ. ‘ಡಿಸ್ಟೋನಿಯಾ, ಎಂದರೆ ಸ್ನಾಯು ತನ್ನಷ್ಟಕ್ಕೆ ತಿರುಚಿಕೊಳ್ಳುವ ತೊಂದರೆ. ಇದರ ಅರಿವಿನ ವಾರವನ್ನು ಪ್ರತಿವರ್ಷ ತಪ್ಪದೆ ಆಚರಿಸುವಂತೆ ಕಾನೂನು ಆಗಲಿ.’ ಶಾಶ್ವತವೂ ಇಲ್ಲ, ಕಾಯಂ ಖಾಯಂ ಎರಡೂ ಇಲ್ಲ. ಚಿಕ್ಕಮ್ಮ ಗದ್ದಕ್ಕೆ ಬೆರಳಿಟ್ಟುಕೊಂಡು ಮೊದಲ ಸಹಿ ಹಾಕಿದರು.

ಅಚ್ಚಗನ್ನಡಿಗ:
‘ಕಾನೂನು’ ಏಕೆ? ‘ಕಟ್ಟಳೆ’ ಇತ್ತಲ್ಲ.