ಪುಣೆಯ ಕಟ್ಟಡ ಕಾರ್ಮಿಕರಿಗೆ ಬಾಯಿ ಕ್ಯಾನ್ಸರ್ ಜಾಗೃತಿ: ದುಡ್ಡು ಪೋಸ್ಟರ್‌ಗೆ ಹಾಕೋದಾ, ಆಡಿಯೊಗಾ?

ವಾರ್ಜೆ ಕನ್ನಡಿಗ:
ಎಲ್ಲರಿಗೂ ನಮಸ್ಕಾರ. ಕಲಬುರಗಿ, ಯಾದಗಿರಿ, ವಿಜಯಪುರದಿಂದ ಪುಣೆಗೆ ಕಟ್ಟಡ ಕೆಲಸಕ್ಕೆ ಬಂದ ಕುಟುಂಬಗಳಿಗಾಗಿ ನಮ್ಮ ಸಂಘ ಬಾಯಿ ಕ್ಯಾನ್ಸರ್ ಪ್ರಚಾರ ಮಾಡಲಿದೆ. ಕೈಯಲ್ಲಿ 40,000 ರೂಪಾಯಿ ಇದೆ. ಗಾಯದ ದೊಡ್ಡ ಚಿತ್ರವಿರುವ ಪೋಸ್ಟರ್ ಮಾಡಿಸಿ ಮೇ 31ರ ತಂಬಾಕು ವಿರೋಧಿ ದಿನಕ್ಕೆ ಅಂಟಿಸೋಣ ಅನ್ನೋದು ಈಗಿನ ಯೋಚನೆ. ಹೆಂಗಸರನ್ನು ತಲುಪೋದು ಹೇಗೆ ಅಂತ ಗೊತ್ತಾಗ್ತಿಲ್ಲ. ಏನು ಬದಲಾಯಿಸಬೇಕು?

ಬಾಯಿ ತಪಾಸಣೆ, ಪರೇಲ್:
ಮೊದಲು ಆ ಚಿತ್ರ ಬದಲಾಯಿಸಿ. ಕೆನ್ನೆ ತೂತಾದ ಫೋಟೊ ನೋಡಿದವನು ತನ್ನ ಬಾಯಲ್ಲಿರುವ ಸಣ್ಣ ಬಿಳಿ ಕಲೆಯನ್ನು ಅದಕ್ಕೆ ಹೋಲಿಸಿ "ನಂದು ಅಷ್ಟಿಲ್ಲ" ಅಂತ ಸುಮ್ಮನಾಗ್ತಾನೆ. ಕೊನೆ ಹಂತದ ಚಿತ್ರ ತಂಬಾಕು ಚೀಟಿಯ ಮೇಲೆ ಹೇಗೂ ಇದೆ, 2016ರಿಂದ ಪ್ಯಾಕಿನ ಶೇ 85 ಭಾಗ ಎಚ್ಚರಿಕೆಗೇ ಮೀಸಲು. ನಿಮ್ಮ ಪೋಸ್ಟರಿನಲ್ಲಿ ಆರಂಭದ ಗುರುತುಗಳಿರಲಿ: ಉಜ್ಜಿದರೂ ಹೋಗದ ಬಿಳಿ ಕಲೆ, ಕೆಂಪು ಕಲೆ, ಎರಡು ವಾರವಾದರೂ ಮಾಯದ ಹುಣ್ಣು, ಖಾರ ತಿಂದರೆ ಉರಿ, ಬಾಯಿ ಪೂರ್ತಿ ತೆರೆಯದಿರುವುದು. ಕೆಂಪು ಕಲೆಯನ್ನು ಮರೆಯಬೇಡಿ, ಬಿಳಿಯದಕ್ಕಿಂತ ಅದೇ ಹೆಚ್ಚು ಅಪಾಯ.

ನೋಡಿಕೊಳ್ಳುವ ಕ್ರಮವನ್ನೂ ಕಲಿಸಿ. ಕನ್ನಡಿ, ಮೊಬೈಲ್ ಬೆಳಕು ಸಾಕು. ತುಟಿಯ ಒಳಭಾಗ, ಎರಡೂ ಕೆನ್ನೆ, ನಾಲಿಗೆಯ ಎರಡು ಬದಿ, ನಾಲಿಗೆಯ ಕೆಳಗೆ, ಅಂಗುಳ, ಕೊನೆಗೆ ಕುತ್ತಿಗೆಯಲ್ಲಿ ಗಂಟು. ಕೆನ್ನೆಗೂ ಕೆಳದವಡೆಗೂ ನಡುವಿನ ಸಂದಿಯನ್ನು ಬೆರಳಿನಿಂದ ಎಳೆದು ನೋಡಬೇಕು. ತಂಬಾಕು ಇಡೋದು ಅಲ್ಲೇ, ಜನ ನೋಡದೆ ಬಿಡೋದೂ ಅಲ್ಲೇ.

ಹೆಂಗಸರ ವಿಷಯ: "ತಂಬಾಕು ತಿಂತೀರಾ?" ಅಂದರೆ ಇಲ್ಲ ಅಂತಾರೆ, ಅದರಲ್ಲಿ ಸುಳ್ಳಿಲ್ಲ. ಮಹಾರಾಷ್ಟ್ರದಲ್ಲಿ ಮಿಶ್ರಿ, ಅಂದರೆ ಹುರಿದು ಪುಡಿ ಮಾಡಿದ ತಂಬಾಕು, ಹಲ್ಲುಪುಡಿಯ ಲೆಕ್ಕದಲ್ಲಿದೆ. "ಮಿಶ್ರಿ ತಿಕ್ಕುತೀರೇನು? ದಿನಕ್ಕೆ ಎಷ್ಟು ಸಲ?" ಅಂತ ಕೇಳಿ. ಎಲೆ-ಅಡಿಕೆ, ಮಾವಾ (ಅಡಿಕೆ, ತಂಬಾಕು, ಸುಣ್ಣದ ಮಿಶ್ರಣ), ಗುಟ್ಕಾ ಒಂದೊಂದನ್ನೂ ಹೆಸರು ಹಿಡಿದೇ ಕೇಳಬೇಕು.

ಧ್ವನಿಪೆಟ್ಟಿಗೆ:
ಮೇ 31 ಬೇಡ. ಮುಂಗಾರು ಬಿತ್ತನೆಗೆ ಊರಿಗೆ ಹೊರಡುವ ಹೊತ್ತು ಅದು, ಪೋಸ್ಟರ್ ಅಂಟಿಸುವಷ್ಟರಲ್ಲಿ ಅರ್ಧ ಶೆಡ್ ಖಾಲಿ. ದೀಪಾವಳಿ ಕಳೆದ ಮೇಲೆ ಮಾಡಿ. ಮಾತು ಎರಡು ಮೂರು ತಿಂಗಳು ಮತ್ತೆ ಮತ್ತೆ ಕಿವಿಗೆ ಬೀಳಬೇಕು, ಒಂದು ದಿನದ ಗದ್ದಲ ನಿಲ್ಲೋದಿಲ್ಲ.

ಓದಲು ಬಾರದವರು ಇರುವ ಕಡೆ ಅಕ್ಷರದ ಪೋಸ್ಟರ್ ಇದ್ದ ಅಂತರವನ್ನೇ ಹೆಚ್ಚಿಸುತ್ತೆ: ಓದುವ ಮೇಸ್ತ್ರಿಗೆ ಗೊತ್ತಾಗುತ್ತೆ, ಇಟ್ಟಿಗೆ ಹೊರುವವಳಿಗೆ ಗೊತ್ತಾಗಲ್ಲ. ವಾಟ್ಸ್ಆ್ಯಪ್‌ಗೆ 45 ಸೆಕೆಂಡಿನ ಆಡಿಯೊ ಮಾಡಿ. ಪುಸ್ತಕದ ಕನ್ನಡ ಬಿಡಿ. "ಬಾಯಾಗ ಮೂರು ಬೆರಳ ಒಂದರ ಮ್ಯಾಲೊಂದು ಹೊಕ್ಕಾವೇನು? ನೋಡ್ರಿ" ಅಂತ ಶುರು ಮಾಡಿ, ಕೇಳಿದವರ ಕೈ ತಾನಾಗೇ ಬಾಯಿಗೆ ಹೋಗುತ್ತೆ. ನಂತರ ಎರಡು ಗುರುತು, ಕೊನೆಗೆ ಎಲ್ಲಿಗೆ, ಯಾವ ದಿನ, ಎಷ್ಟು ಗಂಟೆಗೆ ಬರಬೇಕು. ಅಷ್ಟೇ. ತಾಂಡಾಗಳಿಂದ ಬಂದವರಿಗೆ ಲಂಬಾಣಿಯಲ್ಲಿ ಬೇರೆ ಆಡಿಯೊ ಬೇಕು, ಅದನ್ನು ಅವರ ಪೈಕಿ ಹೆಣ್ಣುಮಗಳೊಬ್ಬಳೇ ಹೇಳಲಿ. ಹಂಚುವ ಮೊದಲು ಹತ್ತು ಜನಕ್ಕೆ ಕೇಳಿಸಿ "ಏನ್ ತಿಳೀತು?" ಅನ್ನಿ. ಹೆದರಿಕೆಯಾಯ್ತು ಅಂದವರಿಗೆ ಮುಂದೇನು ಮಾಡಬೇಕೆಂದು ಹೇಳಲು ಬಾರದಿದ್ದರೆ ಮತ್ತೆ ರೆಕಾರ್ಡ್ ಮಾಡಿ.

ಗಂಡಸರು ಬೆಳಿಗ್ಗೆ ಕೂಲಿಗಾಗಿ ಕಾದು ನಿಲ್ಲುವ ನಾಕಾದಲ್ಲಿ, ಹೆಂಗಸರು ಸಂಜೆ ನೀರಿನ ನಲ್ಲಿ, ರೇಷನ್ ಅಂಗಡಿ, ವಾರದ ಸಂತೆಯಲ್ಲಿ ಸಿಗ್ತಾರೆ. ಪೋಸ್ಟರಿಗೆ ಐದಾರು ಸಾವಿರ ಮೀರಬೇಡಿ.

ಮಡಗಾಂವ್ ಆರೋಗ್ಯ:
ಉಳಿದ ದುಡ್ಡಿನ ದೊಡ್ಡ ಪಾಲು ಪ್ರಚಾರದ ನಂತರದ ಕೆಲಸಕ್ಕೆ ಇರಲಿ. ಕನ್ನಡದ ಕೂಲಿ ಕಾರ್ಮಿಕರಿರುವ ಗೋವಾದ ಝುವಾರಿನಗರದಂಥ ಕಡೆಯೂ ಇದೇ ಮಾತು. ಜನ ಕಳಚಿಕೊಳ್ಳೋದು ಬಾಯಿ ತಪಾಸಣೆ ಶಿಬಿರಕ್ಕೂ ಬಯಾಪ್ಸಿಗೂ (ಪರೀಕ್ಷೆಗೆ ತುಣುಕು ತೆಗೆಯೋದು) ನಡುವೆ. ಒಂದು ದಿನ ತೋರಿಸಲು, ಇನ್ನೊಂದು ದಿನ ತುಣುಕು ತೆಗೆಸಲು, ಮತ್ತೊಂದು ದಿನ ರಿಪೋರ್ಟಿಗೆ. ಮೂರು ದಿನದ ಕೂಲಿ ಹೋಯ್ತು. ಜೊತೆಗೆ "ಚುಚ್ಚಿದರೆ ಹರಡುತ್ತೆ" ಅನ್ನೋ ಭಯ. ಬಯಾಪ್ಸಿಯಿಂದ ರೋಗ ಹರಡಲ್ಲ, ಅದಿಲ್ಲದೆ ಚಿಕಿತ್ಸೆ ಶುರುವಾಗಲ್ಲ ಅನ್ನೋದಕ್ಕೇ ಎರಡನೇ ಆಡಿಯೊ ಮಾಡಿ. ಬಸ್ ಖರ್ಚು, ಜೊತೆಗೆ ಹೋಗುವ ಮರಾಠಿ ಬಲ್ಲ ಒಬ್ಬರು, ಹಿಂದಿನ ದಿನ ಒಂದು ಫೋನ್: ದುಡ್ಡು ಇಲ್ಲಿ ಹೋಗಲಿ.

ಆಧಾರ್, ರೇಷನ್ ಕಾರ್ಡ್, ಆಯುಷ್ಮಾನ್ ಕಾರ್ಡ್ ತರಲು ಮೊದಲೇ ಹೇಳಿ. ಆಯುಷ್ಮಾನ್ ಕಾರ್ಡ್ ಕೊಡುವ ಕೇಂದ್ರದ ಆರೋಗ್ಯ ವಿಮೆ ಪಿಎಂ-ಜೆಎವೈ, ಅದರ ಅರ್ಹರಿಗೆ ಯೋಜನೆಗೆ ಸೇರಿದ ಬೇರೆ ರಾಜ್ಯದ ಆಸ್ಪತ್ರೆಯಲ್ಲೂ ಅದು ನಡೆಯುತ್ತೆ. ಎಷ್ಟೋ ಜನ ಕಾರ್ಡು ಊರಲ್ಲೇ ಬಿಟ್ಟು ಬಂದಿರ್ತಾರೆ, ಮನೆಯವರಿಂದ ಫೋಟೊ ತರಿಸಿಟ್ಟುಕೊಳ್ಳಲಿ.

ಎಷ್ಟು ಪೋಸ್ಟರ್ ಅಂಟಿಸಿದಿರಿ ಅಂತ ಎಣಿಸಬೇಡಿ. ಬಾಯಿ ತೋರಿಸಿದವರು, ಕಳಿಸಲ್ಪಟ್ಟವರು, ಆಸ್ಪತ್ರೆ ತಲುಪಿದವರು, ರಿಪೋರ್ಟ್ ಪಡೆದವರು: ಈ ನಾಲ್ಕನ್ನು ಗಂಡು-ಹೆಣ್ಣು, ಶೆಡ್, ಭಾಷೆ ಪ್ರಕಾರ ಬೇರೆ ಬೇರೆ ಬರೆಯಿರಿ. ಲಂಬಾಣಿ ಹೆಂಗಸರ ಸಾಲು ಖಾಲಿ ಬಂದರೆ ಮುಂದಿನ ವಾರವೇ ದಾರಿ ಬದಲಿಸಬಹುದು.

ವಾರ್ಜೆ ಕನ್ನಡಿಗ:
ತುಂಬಾ ಉಪಕಾರವಾಯ್ತು. ದಿನಾಂಕ ಮುಂದಕ್ಕೆ ಹಾಕ್ತೀವಿ. ಒಂದೇ ಸಂಶಯ: ಬರೀ ಅಡಿಕೆ ತಿನ್ನೋರಿಗೂ ಇದೇ ಮಾತು ಹೇಳಬೇಕಾ? ನಮ್ಮ ಸಂಘದಲ್ಲೇ ಇದಕ್ಕೆ ವಿರೋಧ ಬರುತ್ತೆ. ಮತ್ತೆ, ಟಾರ್ಚ್ ಹಿಡಿದು ಬಾಯಿ ನೋಡೋದರಿಂದ ನಿಜವಾಗ್ಲೂ ಸಾವು ತಪ್ಪುತ್ತಾ ಅಂತಲೂ ಕೇಳ್ತಾರೆ.

ಬಾಯಿ ತಪಾಸಣೆ, ಪರೇಲ್:
ಅಡಿಕೆ ಬಗ್ಗೆಯೂ ಹೇಳಲೇಬೇಕು. ತಂಬಾಕಿಲ್ಲದ ಎಲೆ-ಅಡಿಕೆಯೂ ಕ್ಯಾನ್ಸರ್ ತರುತ್ತೆ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗದ 2004ರ ವರದಿಯಲ್ಲೇ ಇದೆ. ಬಾಯಿ ಬಿಗಿದುಕೊಳ್ಳುವ ರೋಗಕ್ಕೆ ಮುಖ್ಯ ಕಾರಣವೂ ಅಡಿಕೆಯೇ. ಪೂಜೆಯ ಎಲೆ-ಅಡಿಕೆಯ ತಂಟೆಗೆ ಹೋಗಬೇಡಿ, ದಿನವಿಡೀ ದವಡೆಯಲ್ಲಿ ಇಟ್ಟುಕೊಳ್ಳೋದರ ಬಗ್ಗೆ ಮಾತ್ರ ಮಾತಾಡಿ.

ಎರಡನೆಯದಕ್ಕೆ, ತಿರುವನಂತಪುರದ ಅಧ್ಯಯನ ತೋರಿಸಿ, 2005ರಲ್ಲಿ ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯಲ್ಲಿ ಬಂದಿದೆ. ತರಬೇತಿ ಪಡೆದ ಕಾರ್ಯಕರ್ತರು ಬಾಯಿ ನೋಡಿದ ಕಡೆ, ತಂಬಾಕು ಅಥವಾ ಮದ್ಯದ ಚಟವಿದ್ದವರಲ್ಲಿ ಬಾಯಿ ಕ್ಯಾನ್ಸರ್ ಸಾವು ಶೇ 34 ಕಡಿಮೆಯಾಗಿತ್ತು. ಚಟವಿಲ್ಲದವರಲ್ಲಿ ಅಂಥ ಲಾಭ ಕಾಣಲಿಲ್ಲ, ಆದ್ದರಿಂದ ಟಾರ್ಚ್ ಮೊದಲು ತಿನ್ನುವವರ ಕಡೆ ತಿರುಗಲಿ. ಚಟ ಬಿಡಬೇಕು ಅನ್ನೋರಿಗೆ 1800-11-2356 ಕೊಡಿ, ಅದು ಉಚಿತ ಸಹಾಯವಾಣಿ.