ಅಪ್‌ಡೇಟ್: ‘52’ರ 37ನೇ ಸಂಚಿಕೆ ಕೊನೆಗೂ ಓದಿದೆ

ಹೋದ ವಾರ ಕೇಳಿದ್ದೆನಲ್ಲ, ನಾನು ಕೊಂಡ ಡಿಸಿ ಕಾಮಿಕ್ಸ್‌ನ ‘52’ ಎಂಬ ಸೂಪರ್‌ಹೀರೋ ಸರಣಿಯ ಹಳೇ ಸೆಟ್‌ನಲ್ಲಿ 37ನೇ ಸಂಚಿಕೆ ಇಲ್ಲ, ಅದನ್ನು ಬಿಟ್ಟು ಮುಂದೆ ಓದಿದರೆ ನಡೆಯುತ್ತಾ ಅಂತ. ಬಿಡಲೇಬೇಡ ಎಂದು ಎಲ್ಲರೂ ಗದರಿದಿರಿ. ಸದ್ಯ, ಮಾತು ಕೇಳಿದೆ!

ಬಿಡಿ ಸಂಚಿಕೆ ಎಲ್ಲೂ ಸಿಗಲಿಲ್ಲ. ನೀವು ಹೇಳಿದ ಹಾಗೆ ಸಂಚಿಕೆಗಳನ್ನು ಒಟ್ಟುಗೂಡಿಸಿದ ನಾಲ್ಕು ಸಂಪುಟಗಳಲ್ಲಿ ಮೂರನೆಯದನ್ನು ಗೆಳೆಯನಿಂದ ಎರವಲು ತಂದೆ. 27ರಿಂದ 39ರವರೆಗೆ ಅದರಲ್ಲೇ ಇದೆ.

ಕಥೆ ಗೊತ್ತಾಗೋದು ಬೇಡ ಅನ್ನುವವರು ಇಲ್ಲಿಗೇ ನಿಲ್ಲಿಸಿ.

15ನೇ ಸಂಚಿಕೆಯಲ್ಲಿ ಸೂಪರ್‌ಹೀರೋ ಬೂಸ್ಟರ್ ಗೋಲ್ಡ್ ಸತ್ತಿದ್ದನ್ನು ನಾನು ಪೂರ್ತಿ ನಂಬಿದ್ದೆ. ಮೈತುಂಬಾ ಕಂಪನಿಗಳ ಲೋಗೋ ಅಂಟಿಸಿಕೊಂಡು ತಿರುಗುತ್ತಿದ್ದ ಆಸಾಮಿ, ಹೋದಾಗ ಮಾತ್ರ ನಿಜಕ್ಕೂ ಬೇಜಾರಾಗಿತ್ತು. 37ರಲ್ಲಿ ಯಾರೆಂದು ಗೊತ್ತಿರದ ಹೊಸ ಹೀರೋ ಸೂಪರ್‌ನೋವಾ ಮುಖವಾಡ ತೆಗೆದರೆ ಅದೇ ಬೂಸ್ಟರ್! ಅವನ ಜೊತೆಗೇ ಹಾರಾಡುತ್ತಿದ್ದ ಪುಟ್ಟ ರೋಬೋ ಸ್ಕೀಟ್ಸ್ ಶತ್ರುವಾಗಿರುವುದೂ ಇಲ್ಲೇ ಸರಿಯಾಗಿ ಅರ್ಥವಾಗುತ್ತೆ. ಇದನ್ನು ಬಿಟ್ಟಿದ್ದರೆ ಸತ್ತವನು ಮತ್ತೆ ಹೇಗೆ ಬಂದ ಅಂತ ತಲೆ ಕೆರೆದುಕೊಳ್ಳುತ್ತಿದ್ದೆ, ಅಲ್ವಾ?

ಒಂದು ಹೊಟ್ಟೆಕಿಚ್ಚು ಇದೆ. 2006ರ ಮೇಯಿಂದ ಒಂದು ವರ್ಷ ವಾರ ವಾರ ಓದಿದವರು ಈ ಗುಟ್ಟಿಗಾಗಿ 22 ವಾರ ಕಾದಿದ್ದರು. ಕಥೆಯಲ್ಲೂ ಅಷ್ಟೇ ವಾರ ಕಳೆಯುತ್ತವೆ, ಒಂದು ಸಂಚಿಕೆಗೆ ಒಂದು ವಾರ. ನಾನು ನಾಲ್ಕು ರಾತ್ರಿಯಲ್ಲಿ ಮುಗಿಸಿಬಿಟ್ಟೆ. ಆ ಕಾಯುವ ಮಜಾನೇ ಬೇರೆ ಇದ್ದಿರಬೇಕು.

ಈಗ 40ರಲ್ಲಿದ್ದೇನೆ, ಹೀರೋ ಸ್ಟೀಲ್ ಮತ್ತು ವಿಲನ್ ಲೆಕ್ಸ್ ಲೂಥರ್ ಹೊಡೆದಾಟ. ದಯವಿಟ್ಟು ಮುಂದಿನದು ಯಾರೂ ಹೇಳಬೇಡಿ.